ಮರ್ಜ್ ವಾಪಸ್ ತೆಗೆದ ಮೇಲೂ ಉಳಿದುಕೊಳ್ಳುವ ಫೈಲ್‌ಗಳು: ಗಿಟ್‌ನಲ್ಲಿ ಸ್ವಚ್ಛ ಮಾಡುವ ಕ್ರಮ

ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಇನ್ನೊಂದು ಬ್ರಾಂಚ್ (ಬೇರೆಯಾಗಿ ಸಾಗಿದ ಕೆಲಸದ ಕವಲು) ತಂದು ನಿಮ್ಮದಕ್ಕೆ ಸೇರಿಸಿದಿರಿ, ಅಂದರೆ ಮರ್ಜ್ ಮಾಡಿದಿರಿ. ಬೇಡ ಅನ್ನಿಸಿತು, ವಾಪಸ್ ತೆಗೆದಿರಿ. ಈಗ ಗಿಟ್ ಸ್ಟೇಟಸ್ ನೋಡಿದರೆ ನೀವು ಬರೆಯದ ಫೈಲ್‌ಗಳು ಅನ್‌ಟ್ರ್ಯಾಕ್ಡ್ (ಗಿಟ್ ಲೆಕ್ಕಕ್ಕೆ ತೆಗೆದುಕೊಳ್ಳದ ಫೈಲ್‌ಗಳ) ಪಟ್ಟಿಯಲ್ಲಿ ಸಾಲಾಗಿ ಕೂತಿವೆ. ಮತ್ತೆ ಮರ್ಜ್ ಮಾಡಲು ಹೋದರೆ, ಈ ಫೈಲ್‌ಗಳು ಅಳಿಸಿಹೋಗುತ್ತವೆ, ಮೊದಲು ಇವನ್ನು ಸರಿಸಿ ಅಂತ ಗಿಟ್ ತಕರಾರು ತೆಗೆಯುತ್ತದೆ. ಯಾರನ್ನು ಕೇಳಿದರೂ ಥಟ್ಟನೆ ಸಿಗುವ ಉತ್ತರ ಒಂದೇ: ಗಿಟ್ ಕ್ಲೀನ್ (ಅನ್‌ಟ್ರ್ಯಾಕ್ಡ್ ಫೈಲ್‌ಗಳನ್ನು ಅಳಿಸುವ ಕಮಾಂಡ್) ಹೊಡಿ.

ಹೊಡೆಯಬಹುದು. ಆದರೆ ಪೊರಕೆಗೆ ಕಸ ಯಾವುದು, ಕೆಳಗೆ ಬಿದ್ದ ಓಲೆ ಯಾವುದು ಅಂತ ಗೊತ್ತಾಗುವುದಿಲ್ಲ. ಉಳಿದ ಫೈಲ್ ಎಲ್ಲಿಂದ ಬಂತು ಅನ್ನುವುದರ ಮೇಲೆ ಅದನ್ನು ತೆಗೆಯುವ ದಾರಿ ಬದಲಾಗುತ್ತದೆ. ಇನ್ನೊಂದು ಬ್ರಾಂಚ್‌ನಿಂದ ಬಂದದ್ದು ಒಂದು ಬಗೆ. ಮರ್ಜ್ ಟೂಲ್ ಬಿಟ್ಟುಹೋದ ಬ್ಯಾಕಪ್ ಇನ್ನೊಂದು. ಬಿಲ್ಡ್ ಮಾಡಿದಾಗ ಹುಟ್ಟಿದ್ದು ಮತ್ತೊಂದು. ಇವುಗಳ ನಡುವೆ ನೀವೇ ಬರೆದು, ಇನ್ನೂ ಕಮಿಟ್ ಮಾಡದ (ಗಿಟ್ ಇತಿಹಾಸಕ್ಕೆ ಸೇರಿಸದ) ಫೈಲೂ ಇರಬಹುದು. ಗಿಟ್ ಕ್ಲೀನ್‌ಗೆ ಈ ನಾಲ್ಕೂ ಒಂದೇ.

ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಒರಿಜ್_ಹೆಡ್, ಮರ್ಜ್_ಹೆಡ್, ಹೆಡ್ ಇವು ಮೂರನ್ನೂ ದೊಡ್ಡಕ್ಷರದಲ್ಲಿ ಬರೆಯಬೇಕು. ಹೆಡ್ ಅಂದರೆ ನೀವು ಈಗ ನಿಂತಿರುವ ಕಮಿಟ್, ಉಳಿದೆರಡು ಮರ್ಜ್ ವೇಳೆ ಗಿಟ್ ಇಟ್ಟುಕೊಳ್ಳುವ ಗುರುತುಗಳು.

ಮೊದಲು ನೋಡಿ, ಆಮೇಲೆ ಮುಟ್ಟಿ

ಸುಮ್ನೆ ಗಿಟ್ ಸ್ಟೇಟಸ್ ಅಂದರೆ ಪೂರ್ತಿ ಚಿತ್ರ ಸಿಗುವುದಿಲ್ಲ. ಹೊಸ ಫೋಲ್ಡರ್ ಒಂದಿದ್ದರೆ ಅದರ ಹೆಸರನ್ನಷ್ಟೇ ತೋರಿಸಿ ಸುಮ್ಮನಾಗುತ್ತದೆ, ಒಳಗೆ ಏನಿದೆ ಅಂತ ಹೇಳುವುದಿಲ್ಲ. ಆದ್ದರಿಂದ ಹೀಗೆ ಕೇಳಿ:

ಗಿಟ್ ಸ್ಟೇಟಸ್ --ಅನ್‌ಟ್ರ್ಯಾಕ್ಡ್-ಫೈಲ್ಸ್=ಆಲ್
ಗಿಟ್ ಸ್ಟೇಟಸ್ --ಇಗ್ನೋರ್ಡ್

ಮೊದಲನೆಯದು ಒಂದೊಂದು ಫೈಲನ್ನೂ ಬಿಡಿಸಿ ತೋರಿಸುತ್ತದೆ. ಎರಡನೆಯದು ಗಿಟ್‌ಇಗ್ನೋರ್ ಪಟ್ಟಿಯಿಂದ (ಗಿಟ್ ಗಮನಿಸಬಾರದ ಫೈಲ್‌ಗಳ ಪಟ್ಟಿ) ಮರೆಯಾಗಿರುವುದನ್ನು ಹೊರಗೆ ತರುತ್ತದೆ. ಪಟ್ಟಿಯಲ್ಲಿ ನಿಮ್ಮ ಕೈಬರಹದ ಫೈಲ್ ಒಂದೇ ಒಂದು ಕಂಡರೂ ಅದನ್ನು ಈಗಲೇ ಬೇರೆ ಫೋಲ್ಡರ್‌ಗೆ ಕಾಪಿ ಮಾಡಿ ಇಡಿ. ಮುಂದಿನ ಹಂತಗಳಲ್ಲಿ ಕೈ ತಪ್ಪಿದರೂ ಹೆದರಿಕೆ ಇರುವುದಿಲ್ಲ.

ಇನ್ನು ಮರ್ಜ್ ಈಗ ಯಾವ ಸ್ಥಿತಿಯಲ್ಲಿದೆ ಅಂತ ನೋಡಿಕೊಳ್ಳಿ. ಕಾನ್‌ಫ್ಲಿಕ್ಟ್ (ಎರಡು ಕಡೆಯ ಬದಲಾವಣೆಗಳ ಡಿಕ್ಕಿ) ಬಂದು ಅರ್ಧಕ್ಕೆ ನಿಂತಿದೆಯೇ? ಮುಗಿದು ನಿಮ್ಮ ಯಂತ್ರದಲ್ಲಿ ಮಾತ್ರ ಇದೆಯೇ? ಪುಶ್ ಆಗಿ ಎಲ್ಲರಿಗೂ ಸಿಗುವ ಸರ್ವರ್‌ಗೆ ಹೋಗಿಬಿಟ್ಟಿದೆಯೇ? ಮೂರಕ್ಕೂ ದಾರಿ ಬೇರೆ ಬೇರೆ.

ಅರ್ಧಕ್ಕೆ ನಿಂತ ಮರ್ಜ್

ಇದು ಸುಲಭ.

ಗಿಟ್ ಮರ್ಜ್ --ಅಬಾರ್ಟ್

ಇನ್ನೊಂದು ಬ್ರಾಂಚ್‌ನಿಂದ ಬಂದ ಫೈಲ್‌ಗಳು ಆಗಲೇ ಇಂಡೆಕ್ಸ್‌ನಲ್ಲಿ (ಮುಂದಿನ ಕಮಿಟ್‌ಗೆ ಸಿದ್ಧವಾದ ಫೈಲ್‌ಗಳ ಪಟ್ಟಿ) ಇರುತ್ತವೆ. ಹಾಗಾಗಿ ಗಿಟ್ ಅವನ್ನು ತಾನೇ ತೆಗೆದುಹಾಕುತ್ತದೆ. ಇಲ್ಲಿ ಉಳಿಯುವುದು ಹೆಚ್ಚಾಗಿ ಟೂಲ್ ಬಿಟ್ಟ ಕಸ. ಅದರ ವಿಷಯ ಮುಂದೆ ಬರುತ್ತದೆ.

ಎರಡು ಎಚ್ಚರಿಕೆಗಳು. ಮರ್ಜ್ ಶುರು ಮಾಡುವಾಗಲೇ ಕಮಿಟ್ ಆಗದ ಬದಲಾವಣೆಗಳು ನಿಮ್ಮಲ್ಲಿದ್ದರೆ, ಅಬಾರ್ಟ್ ಅವನ್ನು ಮೊದಲಿನಂತೆಯೇ ಮರಳಿಸುತ್ತದೆ ಅನ್ನುವ ಭರವಸೆ ಇಲ್ಲ. ಗಿಟ್‌ನ ಕೈಪಿಡಿಯೇ ಈ ಮಾತು ಹೇಳುತ್ತದೆ. ಇನ್ನೊಂದು, ಮರ್ಜ್ ನಡುವೆ ಹೊಸ ಫೈಲ್ ಬರೆದು ಅದನ್ನು ‘ಗಿಟ್ ಆಡ್’ ಮಾಡಿದ್ದರೆ ಅಬಾರ್ಟ್ ಅದನ್ನೂ ಡಿಸ್ಕಿನಿಂದ ಅಳಿಸುತ್ತದೆ. ಆಡ್ ಮಾಡದೆ ಬಿಟ್ಟ ಫೈಲ್ ಉಳಿಯುತ್ತದೆ, ಆಡ್ ಮಾಡಿದ್ದು ಹೋಗುತ್ತದೆ. ಉಲ್ಟಾ ಅನ್ನಿಸುತ್ತದೆ ಅಲ್ವಾ? ಆದರೆ ಆಡ್ ಮಾಡಿದ ಮೇಲೆ ಅದು ಇಂಡೆಕ್ಸ್‌ನ ಭಾಗ. ಅಬಾರ್ಟ್ ಇಂಡೆಕ್ಸನ್ನು ಹೆಡ್‌ಗೆ ಸರಿಹೊಂದಿಸುತ್ತದೆ. ಹೆಡ್‌ನಲ್ಲಿ ಆ ಫೈಲ್ ಇಲ್ಲ, ಹಾಗಾಗಿ ಡಿಸ್ಕಿನಲ್ಲೂ ಉಳಿಸುವುದಿಲ್ಲ.

‘ರದ್ದು ಮಾಡಲು ಮರ್ಜೇ ಇಲ್ಲ, ಮರ್ಜ್_ಹೆಡ್ ಕಾಣುತ್ತಿಲ್ಲ’ ಅಂತ ಉತ್ತರ ಬಂದರೆ, ನೀವು ಮಾಡಿದ್ದು ಸ್ಕ್ವಾಶ್ ಮರ್ಜ್ (ಇನ್ನೊಂದು ಬ್ರಾಂಚ್‌ನ ಕಮಿಟ್‌ಗಳನ್ನೆಲ್ಲ ಒಂದೇ ಬದಲಾವಣೆಯಾಗಿ ತರುವುದು) ಇರಬಹುದು. ಅದು ಮರ್ಜ್_ಹೆಡ್ ಬರೆಯುವುದಿಲ್ಲ. ಆಗ ‘ಗಿಟ್ ರೀಸೆಟ್ --ಮರ್ಜ್’ ಬಳಸಿ. ‘ಗಿಟ್ ಮರ್ಜ್ --ಕ್ವಿಟ್’ ಅಂತ ಇನ್ನೊಂದು ಇದೆ, ಅದನ್ನು ಇಲ್ಲಿ ಬಳಸಬೇಡಿ. ಅದು ಮರ್ಜ್ ನಡೆಯುತ್ತಿತ್ತು ಅನ್ನುವುದನ್ನು ಮಾತ್ರ ಮರೆಯುತ್ತದೆ, ಫೈಲ್‌ಗಳನ್ನು ಇದ್ದಲ್ಲೇ ಬಿಡುತ್ತದೆ. ಕಸ ಜಾಸ್ತಿಯಾಗುತ್ತದೆ ಅಷ್ಟೇ.

ಮುಗಿದ ಮರ್ಜ್, ಇನ್ನೂ ಪುಶ್ ಆಗಿಲ್ಲ

ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ನೋಡೋಣ.

ರೀಸೆಟ್ ಕಮಾಂಡಿಗೆ ಏನೂ ಸೇರಿಸದೆ ‘ಗಿಟ್ ರೀಸೆಟ್ ಹೆಡ್~1’ (ಒಂದು ಕಮಿಟ್ ಹಿಂದಕ್ಕೆ ಹೋಗು) ಅಂದರೆ ಅದು ಮಿಕ್ಸ್‌ಡ್ ರೀಸೆಟ್. ಬ್ರಾಂಚ್ ಹಿಂದಕ್ಕೆ ಹೋಗುತ್ತದೆ, ಇಂಡೆಕ್ಸ್ ಹಿಂದಕ್ಕೆ ಹೋಗುತ್ತದೆ, ಆದರೆ ಡಿಸ್ಕಿನಲ್ಲಿರುವ ಫೈಲ್‌ಗಳನ್ನು ಮುಟ್ಟುವುದಿಲ್ಲ. ಮರ್ಜ್ ತಂದ ಹೊಸ ಫೈಲ್‌ಗಳೆಲ್ಲ ಡಿಸ್ಕಿನಲ್ಲೇ ಇವೆ, ಇಂಡೆಕ್ಸ್‌ನಲ್ಲಿ ಮಾತ್ರ ಇಲ್ಲ. ಅಂದರೆ ಗಿಟ್‌ನ ಕಣ್ಣಿಗೆ ಅವು ಅನ್‌ಟ್ರ್ಯಾಕ್ಡ್. ಮರ್ಜ್ ತಿದ್ದಿದ ಹಳೆಯ ಫೈಲ್‌ಗಳು ‘ಮಾಡಿಫೈಡ್’ ಅಂತ ಕಾಣುತ್ತವೆ, ನೀವೇ ತಿದ್ದಿದ ಹಾಗೆ. ನಿಮ್ಮ ಕೆಲಸ ಯಾವುದು, ಮರ್ಜ್ ತಂದದ್ದು ಯಾವುದು ಅಂತ ಬೇರ್ಪಡಿಸಲು ಗಿಟ್‌ಗೆ ಈಗ ದಾರಿಯಿಲ್ಲ.

ಹೆಡ್~1 ಅನ್ನುವುದರಲ್ಲಿ ಇನ್ನೊಂದು ಸಿಕ್ಕು ಇದೆ. ಮರ್ಜ್ ಫಾಸ್ಟ್-ಫಾರ್ವರ್ಡ್ (ನಿಮ್ಮ ಬ್ರಾಂಚ್ ಸುಮ್ಮನೆ ಮುಂದಕ್ಕೆ ಸರಿದದ್ದು) ಆಗಿದ್ದರೆ ಮರ್ಜ್ ಕಮಿಟ್ ಹುಟ್ಟಿರುವುದೇ ಇಲ್ಲ. ಆ ಬ್ರಾಂಚ್‌ನ ಹತ್ತು ಕಮಿಟ್ ಬಂದಿದ್ದರೆ ಹೆಡ್~1 ಒಂದನ್ನು ಮಾತ್ರ ತೆಗೆಯುತ್ತದೆ. ಉಳಿದ ಒಂಬತ್ತು ಕಮಿಟ್‌ಗಳ ಫೈಲ್‌ಗಳು ಟ್ರ್ಯಾಕ್ ಆಗಿಯೇ ಇರುತ್ತವೆ. ಇದರ ಬದಲು ಒರಿಜ್_ಹೆಡ್ ಬಳಸಿ. ಮರ್ಜ್ ಶುರುವಾಗುವ ಮುಂಚೆ ಹೆಡ್ ಎಲ್ಲಿತ್ತು ಅನ್ನುವುದನ್ನು ಗಿಟ್ ಅಲ್ಲಿ ಬರೆದಿಡುತ್ತದೆ. ಆದರೆ ರೀಸೆಟ್, ರೀಬೇಸ್‌ಗಳೂ ಅದನ್ನು ಬದಲಿಸುತ್ತವೆ. ಆದ್ದರಿಂದ ಬಳಸುವ ಮುಂಚೆ ‘ಗಿಟ್ ಲಾಗ್ -1 ಒರಿಜ್_ಹೆಡ್’ ಅಂತ ನೋಡಿಕೊಳ್ಳಿ. ಅನುಮಾನ ಬಂದರೆ, ಹೆಡ್ ಎಲ್ಲೆಲ್ಲಿತ್ತು ಅಂತ ತೋರಿಸುವ ‘ಗಿಟ್ ರೆಫ್‌ಲಾಗ್’ ಇದ್ದೇ ಇದೆ.

ಇನ್ನೂ ರೀಸೆಟ್ ಮಾಡಿಲ್ಲದಿದ್ದರೆ ನನ್ನ ಸಲಹೆ ಇದು:

ಗಿಟ್ ರೀಸೆಟ್ --ಕೀಪ್ ಒರಿಜ್_ಹೆಡ್

ಎಲ್ಲರೂ --ಹಾರ್ಡ್ ಹೇಳುತ್ತಾರೆ, ನಾನು --ಕೀಪ್ ಹೇಳುತ್ತೇನೆ. ಎರಡೂ ಮರ್ಜ್ ತಂದ ಫೈಲ್‌ಗಳನ್ನು ಡಿಸ್ಕಿನಿಂದ ತೆಗೆಯುತ್ತವೆ. ಆದರೆ --ಹಾರ್ಡ್ ಟ್ರ್ಯಾಕ್ ಆಗಿರುವ ಫೈಲ್‌ಗಳಲ್ಲಿ ನೀವು ಮಾಡಿದ ತಿದ್ದುಪಡಿಗಳನ್ನೂ ಮಾತಿಲ್ಲದೆ ಅಳಿಸುತ್ತದೆ. ಆಡ್ ಮಾಡಿದ ಹೊಸ ಫೈಲನ್ನೂ ಬಿಡುವುದಿಲ್ಲ. --ಕೀಪ್ ಹಾಗಲ್ಲ. ಮರ್ಜ್ ಮುಟ್ಟಿದ ಫೈಲಲ್ಲೇ ನೀವೂ ಏನಾದರೂ ತಿದ್ದಿದ್ದರೆ ಅದು ಕೆಲಸ ನಿಲ್ಲಿಸಿ ಹೇಳುತ್ತದೆ. ಬೇರೆ ಫೈಲ್‌ಗಳಲ್ಲಿನ ನಿಮ್ಮ ಕೆಲಸವನ್ನು ಹಾಗೇ ಬಿಡುತ್ತದೆ.

ಮಿಕ್ಸ್‌ಡ್ ರೀಸೆಟ್ ಆಗಲೇ ಮಾಡಿಬಿಟ್ಟಿದ್ದೀರಾ? ಆಗ ಅಳಿಸಲು ಹೋಗಬೇಡಿ. ಮುಂದಕ್ಕೆ ಹೋಗಿ, ಆಮೇಲೆ ಸರಿಯಾಗಿ ಹಿಂದಕ್ಕೆ ಬನ್ನಿ. ಉಪಾಯ ಹೀಗಿದೆ.

ಮೊದಲು ರೆಫ್‌ಲಾಗ್ ತೆಗೆದು ಎರಡು ಕಮಿಟ್ ಐಡಿ ಬರೆದುಕೊಳ್ಳಿ: ಮರ್ಜ್ ಆದ ಕಮಿಟ್, ಮತ್ತು ಅದಕ್ಕೆ ಮುಂಚಿನದು. ಆಮೇಲೆ

ಗಿಟ್ ರೀಸೆಟ್ <ಮರ್ಜ್ ಕಮಿಟ್>

ಹೌದು, ಬೇಡವಾದ ಮರ್ಜ್‌ಗೇ ವಾಪಸ್, ಅದೂ ಮಿಕ್ಸ್‌ಡ್ ರೀಸೆಟ್‌ನಲ್ಲೇ. ಡಿಸ್ಕಿನ ಫೈಲ್‌ಗಳು ಕದಲುವುದಿಲ್ಲ, ಇಂಡೆಕ್ಸ್ ಮಾತ್ರ ಮರ್ಜ್ ಸ್ಥಿತಿಗೆ ಹೋಗುತ್ತದೆ. ಅನಾಥವಾಗಿದ್ದ ಫೈಲ್‌ಗಳು ಮತ್ತೆ ಟ್ರ್ಯಾಕ್ಡ್ ಆಗುತ್ತವೆ. ಈಗ ಗಿಟ್ ಸ್ಟೇಟಸ್ ನೋಡಿ. ಮರ್ಜ್ ತಂದದ್ದೆಲ್ಲ ಪಟ್ಟಿಯಿಂದ ಮಾಯ. ಉಳಿದಿರುವುದು ನೀವು ಮಾಡಿದ ಬದಲಾವಣೆ, ಟೂಲ್ ಬಿಟ್ಟ ಕಸ, ಅಷ್ಟೇ. ಬೇರ್ಪಡಿಸಲು ಆಗದೆ ಕಲಸಿಹೋಗಿದ್ದು ಈಗ ತಾನಾಗಿಯೇ ಬೇರೆಯಾಗಿದೆ. ಇನ್ನು

ಗಿಟ್ ರೀಸೆಟ್ --ಕೀಪ್ <ಮರ್ಜ್ ಮುಂಚಿನ ಕಮಿಟ್>

ಅನ್ನಿ. ಟ್ರ್ಯಾಕ್ ಆಗಿರುವುದರಿಂದ ಯಾವ ಫೈಲ್ ತೆಗೆಯಬೇಕು ಅಂತ ಗಿಟ್‌ಗೇ ಗೊತ್ತು. ನಿಮ್ಮ ತಿದ್ದುಪಡಿ ಅಡ್ಡ ಬಂದು ಅದು ನಿಂತರೆ ‘ಗಿಟ್ ಸ್ಟ್ಯಾಶ್’ ಮಾಡಿ (ತಿದ್ದುಪಡಿಯನ್ನು ಪಕ್ಕಕ್ಕೆ ಎತ್ತಿಡುತ್ತದೆ), ರೀಸೆಟ್ ಮಾಡಿ, ‘ಗಿಟ್ ಸ್ಟ್ಯಾಶ್ ಪಾಪ್’ ಮಾಡಿ (ಮರಳಿ ತರುತ್ತದೆ). ಪಾಪ್‌ನಲ್ಲಿ ಕಾನ್‌ಫ್ಲಿಕ್ಟ್ ಬರಬಹುದು, ಬಂದರೂ ಸ್ಟ್ಯಾಶ್ ಅಳಿಯುವುದಿಲ್ಲ, ಇದ್ದೇ ಇರುತ್ತದೆ.

ಮರ್ಜ್ ಯಾವ ಫೈಲ್‌ಗಳನ್ನು ಹೊಸದಾಗಿ ತಂದಿತ್ತು ಅಂತ ಪಟ್ಟಿ ಬೇಕಿದ್ದರೆ:

ಗಿಟ್ ಡಿಫ್ --ನೇಮ್-ಓನ್ಲಿ --ಡಿಫ್-ಫಿಲ್ಟರ್=ಎ <ಮುಂಚಿನದು> <ಮರ್ಜ್>

ಇಲ್ಲಿ ‘ಎ’ ದೊಡ್ಡಕ್ಷರ. ಕೆಲಸ ಮುಗಿದ ಮೇಲೆ ಈ ಪಟ್ಟಿಯಲ್ಲಿನ ಒಂದೂ ಫೈಲ್ ಡಿಸ್ಕಿನಲ್ಲಿ ಇರಬಾರದು.

ಗಿಟ್‌ಇಗ್ನೋರ್ ಮಾಡುವ ಕಿತಾಪತಿ

ಕ್ಲೀನ್ ಕಮಾಂಡ್ ಮುಟ್ಟುವ ಮೊದಲು ಇದನ್ನು ಓದಿ. ಗಿಟ್‌ಇಗ್ನೋರ್ ಕೂಡ ಒಂದು ಫೈಲೇ, ಅದೂ ಮರ್ಜ್‌ನಲ್ಲಿ ಬದಲಾಗುತ್ತದೆ. ಇನ್ನೊಂದು ಬ್ರಾಂಚ್‌ನವರು ‘.ಎನ್ವ್’ ಅಂತ ಒಂದು ಸಾಲನ್ನು ಗಿಟ್‌ಇಗ್ನೋರ್‌ಗೆ ಸೇರಿಸಿದ್ದರು ಅಂದುಕೊಳ್ಳಿ. ಮರ್ಜ್ ಮಾಡಿದಿರಿ, ಪಾಸ್‌ವರ್ಡ್‌ಗಳಿರುವ ನಿಮ್ಮ .ಎನ್ವ್ ಫೈಲ್ ಬರೆದುಕೊಂಡು ಕೆಲಸ ಮಾಡಿದಿರಿ. ಮರ್ಜ್ ವಾಪಸ್ ತೆಗೆದಾಗ ಗಿಟ್‌ಇಗ್ನೋರ್‌ನ ಆ ಸಾಲೂ ವಾಪಸ್ ಹೋಯಿತು. ಇಗ್ನೋರ್ಡ್ ಆಗಿದ್ದ .ಎನ್ವ್ ಈಗ ಬರೀ ಅನ್‌ಟ್ರ್ಯಾಕ್ಡ್. ‘ಗಿಟ್ ಕ್ಲೀನ್ -ಎಫ್‌ಡಿ’ ಹೊಡೆದರೆ ಅದೂ ಹೋಯಿತು. ಇಗ್ನೋರ್ ಆಗಿರುವ ಫೈಲ್‌ಗಳನ್ನು ಕ್ಲೀನ್ ಮುಟ್ಟುವುದಿಲ್ಲ ಅಂತ ಧೈರ್ಯವಾಗಿದ್ದವರೇ ಇಲ್ಲಿ ಕಳೆದುಕೊಳ್ಳುವುದು.

ಇನ್ನೊಂದು ದಿಕ್ಕಿನಿಂದಲೂ ಏಟು ಬೀಳುತ್ತದೆ. ನಿಮ್ಮಲ್ಲಿ ಇಗ್ನೋರ್ ಆಗಿದ್ದ ಫೈಲನ್ನೇ ಆ ಬ್ರಾಂಚ್‌ನಲ್ಲಿ ಯಾರೋ ಕಮಿಟ್ ಮಾಡಿದ್ದರೆ, ಮರ್ಜ್ ನಿಮ್ಮ ಪ್ರತಿಯ ಮೇಲೆ ಸದ್ದಿಲ್ಲದೆ ಬರೆದುಬಿಡುತ್ತದೆ. ಇಗ್ನೋರ್ ಅಂದರೆ ಬೆಲೆಯಿಲ್ಲದ್ದು ಅನ್ನುವುದು ಗಿಟ್‌ನ ಲೆಕ್ಕ. ಆಮೇಲೆ ಮರ್ಜ್ ರದ್ದು ಮಾಡಿದರೆ ಆ ಫೈಲೇ ಡಿಸ್ಕಿನಿಂದ ಹೋಗುತ್ತದೆ. ಸೆಟ್ಟಿಂಗ್ ಫೈಲ್‌ಗಳ ಒಂದು ಪ್ರತಿ ಪ್ರಾಜೆಕ್ಟ್ ಫೋಲ್ಡರಿನ ಹೊರಗೆ ಇರಲಿ.

ಟೂಲ್ ಬಿಟ್ಟುಹೋದ ಕಸ

ಗಿಟ್ ಮರ್ಜ್‌ಟೂಲ್ ಬಳಸಿದ್ದರೆ ಪ್ರತಿ ಕಾನ್‌ಫ್ಲಿಕ್ಟ್ ಫೈಲಿಗೂ ಒಂದು ‘.ಒರಿಜ್’ ಫೈಲ್ ಪಕ್ಕದಲ್ಲಿ ಹುಟ್ಟಿರುತ್ತದೆ. ಹೆಸರು ನೋಡಿ ಇದು ನನ್ನ ಮೂಲ ಫೈಲ್ ಅಂತ ಕೆಲವರು ಅಳಿಸಲು ಹೆದರುತ್ತಾರೆ. ತೆರೆದು ನೋಡಿ. ಒಳಗಿರುವುದು ಕಾನ್‌ಫ್ಲಿಕ್ಟ್ ಗುರುತುಗಳಿರುವ ಅರೆಬೆಂದ ಪ್ರತಿ. ನಿಮ್ಮ ಮೂಲ ಫೈಲ್ ಹೆಡ್‌ನಲ್ಲಿ ಭದ್ರವಾಗಿದೆ. ಒರಿಜ್ ಧಾರಾಳವಾಗಿ ತೆಗೆಯಬಹುದು.

ಫೈಲ್ ಹೆಸರಿನ ನಡುವೆ _ಬ್ಯಾಕಪ್_, _ಬೇಸ್_, _ಲೋಕಲ್_, _ರಿಮೋಟ್_ ಅಂತ ಇದ್ದು ಮುಂದೆ ಒಂದು ಸಂಖ್ಯೆ ಇದ್ದರೆ, ಅವು ಟೂಲ್‌ಗೆ ಕೊಡಲು ಗಿಟ್ ಮಾಡಿಕೊಂಡ ತಾತ್ಕಾಲಿಕ ಪ್ರತಿಗಳು. ಸಾಮಾನ್ಯವಾಗಿ ಗಿಟ್ ಇವನ್ನು ತಾನೇ ಅಳಿಸುತ್ತದೆ. ಟೂಲ್ ನಡೆಯುತ್ತಿರುವಾಗ ಟರ್ಮಿನಲ್ ಮುಚ್ಚಿದರೆ ಉಳಿದುಬಿಡುತ್ತವೆ. ‘.ರೆಜ್’ ಫೈಲ್ ಕಂಡರೆ ಅದು ಪ್ಯಾಚ್ ಹಚ್ಚುವಾಗ ಕೂರದೆ ಉಳಿದ ತುಂಡು. ಮರ್ಜ್‌ಗೂ ಅದಕ್ಕೂ ಸಂಬಂಧವಿಲ್ಲದಿರಬಹುದು, ಓದಿ ನೋಡಿ ಅಳಿಸಿ. (ಒರಿಜ್, ರೆಜ್ ಎರಡೂ ಗಿಟ್‌ಗಿಂತ ಹಳೆಯವು. 1985ರಲ್ಲಿ ಲ್ಯಾರಿ ವಾಲ್ ಬರೆದ ಪ್ಯಾಚ್ ಪ್ರೋಗ್ರಾಮಿನ ಕಾಲದ ಅಭ್ಯಾಸ.)

ಇವನ್ನು ಹೆಸರು ಹಿಡಿದೇ ತೆಗೆಯಿರಿ. ಮೊದಲು ಬರೀ ತೋರಿಸಲು ಹೇಳಿ:

ಗಿಟ್ ಕ್ಲೀನ್ -ಎನ್ -- '*.ಒರಿಜ್'

ಪಟ್ಟಿ ಸರಿ ಅನ್ನಿಸಿದರೆ -ಎನ್ ಜಾಗದಲ್ಲಿ -ಎಫ್ ಹಾಕಿ. ಉದ್ಧರಣ ಚಿಹ್ನೆ ಬಿಡಬೇಡಿ. ಬಿಟ್ಟರೆ ನಕ್ಷತ್ರವನ್ನು ಶೆಲ್ ಬಿಡಿಸಲು ಹೋಗಿ, ಒಳ ಫೋಲ್ಡರ್‌ಗಳಲ್ಲಿರುವುದು ತಪ್ಪಿಹೋಗಬಹುದು. ಒರಿಜ್ ಅನ್ನು ಇಗ್ನೋರ್ ಪಟ್ಟಿಗೆ ಹಾಕಿದ್ದರೆ ಈ ಕಮಾಂಡ್ ಏನನ್ನೂ ತೋರಿಸುವುದಿಲ್ಲ, ಆಗ ಸಣ್ಣ ಅಕ್ಷರದ -ಎಕ್ಸ್ ಸೇರಿಸಿ. ಈ ಎಕ್ಸ್ ಬಗ್ಗೆ ಹುಷಾರು: ಸಣ್ಣ ಎಕ್ಸ್ ಅನ್‌ಟ್ರ್ಯಾಕ್ಡ್, ಇಗ್ನೋರ್ಡ್ ಎರಡನ್ನೂ ತೆಗೆಯುತ್ತದೆ, ದೊಡ್ಡ ಎಕ್ಸ್ ಇಗ್ನೋರ್ಡ್ ಮಾತ್ರ ತೆಗೆಯುತ್ತದೆ. ಫೈಲ್ ಹೆಸರಿನ ಮಿತಿ ಹಾಕದೆ ಎರಡನ್ನೂ ಬಳಸಬೇಡಿ.

ಅವಸರದಲ್ಲಿ ಯಾರಾದರೂ ಒರಿಜ್ ಫೈಲನ್ನು ಕಮಿಟ್ ಕೂಡ ಮಾಡಿರಬಹುದು. ‘ಗಿಟ್ ಎಲ್‌ಎಸ್-ಫೈಲ್ಸ್ '*.ಒರಿಜ್'’ ಏನಾದರೂ ತೋರಿಸಿದರೆ ಅವು ಟ್ರ್ಯಾಕ್ ಆಗಿವೆ. ಅವನ್ನು ಗಿಟ್ ಆರ್‌ಎಮ್‌ನಲ್ಲಿ ತೆಗೆಯಬೇಕು.

ಮುಂದೆ ಹುಟ್ಟದಿರಲಿ ಅಂದರೆ:

ಗಿಟ್ ಕಾನ್ಫಿಗ್ --ಗ್ಲೋಬಲ್ ಮರ್ಜ್‌ಟೂಲ್.ಕೀಪ್‌ಬ್ಯಾಕಪ್ ಫಾಲ್ಸ್
ಗಿಟ್ ಕಾನ್ಫಿಗ್ --ಗ್ಲೋಬಲ್ ಮರ್ಜ್‌ಟೂಲ್.ರೈಟ್‌ಟುಟೆಂಪ್ ಟ್ರೂ

ಒರಿಜ್ ಅನ್ನು ಇಗ್ನೋರ್ ಪಟ್ಟಿಗೆ ಹಾಕುವುದಕ್ಕಿಂತ ಇದು ಮೇಲು. ಇಗ್ನೋರ್ ಮಾಡಿದರೆ ಕಸ ಹೋಗುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಯಾವುದು ಏನು ಅಂತ ಗೊತ್ತಾಗದ ಫೈಲ್‌ಗಳು ಇನ್ನೂ ಉಳಿದರೆ ಅಳಿಸಬೇಡಿ, ಸ್ಟ್ಯಾಶ್‌ಗೆ ತಳ್ಳಿ:

ಗಿಟ್ ಸ್ಟ್ಯಾಶ್ ಪುಶ್ -ಯು

-ಯು ಅಂದರೆ ಅನ್‌ಟ್ರ್ಯಾಕ್ಡ್ ಕೂಡ ಸೇರಲಿ ಅಂತ. ಕ್ಲೀನ್ ಹೊಡೆದಷ್ಟೇ ಫೋಲ್ಡರ್ ಸ್ವಚ್ಛವಾಗುತ್ತದೆ, ಆದರೆ ಫೈಲ್‌ಗಳು ಗಿಟ್ ಒಳಗೆ ಇರುತ್ತವೆ. ಬಿಲ್ಡ್ ಓಡಿಸಿ, ಟೆಸ್ಟ್ ಓಡಿಸಿ, ಕೆಲವು ದಿನ ಬಿಟ್ಟು ಡ್ರಾಪ್ ಮಾಡಿ. ಅರ್ಧಕ್ಕೆ ನಿಂತ ಮರ್ಜ್ ಇರುವಾಗ ಇದು ನಡೆಯುವುದಿಲ್ಲ, ಅಬಾರ್ಟ್ ಆದ ಮೇಲೆ ಮಾಡಿ.

ಫೈಲ್ ಹೋದರೂ ಫೋಲ್ಡರ್ ಹೋಗುವುದಿಲ್ಲ

ಗಿಟ್ ಫೋಲ್ಡರ್‌ಗಳನ್ನು ಟ್ರ್ಯಾಕ್ ಮಾಡುವುದಿಲ್ಲ. ಕೊನೆಯ ಫೈಲ್ ತೆಗೆದಾಗ ಫೋಲ್ಡರ್ ಖಾಲಿಯಾದರೆ ಅದನ್ನೂ ತೆಗೆಯುತ್ತದೆ. ಆದರೆ ಒಳಗೆ ಇಗ್ನೋರ್ ಆದ ಬಿಲ್ಡ್ ಫೈಲ್ ಒಂದಿದ್ದರೂ ಫೋಲ್ಡರ್ ಉಳಿಯುತ್ತದೆ. ಇದು ಬರೀ ಅಂದದ ವಿಷಯ ಅಲ್ಲ. ಪೈಥಾನ್ 3.3ರಿಂದ ಈಚೆಗೆ ‘__ಇನಿಟ್__’ ಫೈಲ್ ಇಲ್ಲದ ಫೋಲ್ಡರೂ ಪ್ಯಾಕೇಜ್ ಅನ್ನಿಸಿಕೊಳ್ಳುತ್ತದೆ. ಮರ್ಜ್ ತಂದಿದ್ದ ಪ್ಯಾಕೇಜ್ ವಾಪಸ್ ಹೋಗಿದೆ, ಒಳಗೆ ಪೈಕ್ಯಾಶ್ (ಪೈಥಾನ್ ತಾನೇ ಹುಟ್ಟಿಸುವ ಫೋಲ್ಡರ್) ಮಾತ್ರ ಉಳಿದಿದೆ, ಆದರೂ ಆ ಹೆಸರಿನ ಇಂಪೋರ್ಟ್ ತಕರಾರಿಲ್ಲದೆ ನಡೆಯುತ್ತದೆ. ತಪ್ಪು ಇನ್ನೆಲ್ಲೋ ಸಿಡಿಯುತ್ತದೆ. ಜಾವಾದಲ್ಲಿ ಹಳೆಯ ಕ್ಲಾಸ್ ಫೈಲ್‌ಗಳು ಉಳಿದು, ಸೋರ್ಸ್ ಇಲ್ಲದ ಕೋಡ್ ಓಡುವುದೂ ಇದೇ ಕಥೆ. ಇಲ್ಲಿ ಗಿಟ್ ಕ್ಲೀನ್ ಬೇಡ. ನಿಮ್ಮ ಬಿಲ್ಡ್ ಟೂಲ್‌ನ ಕ್ಲೀನ್ ಕಮಾಂಡನ್ನೇ ಬಳಸಿ, ತಾನು ಏನು ಹುಟ್ಟಿಸಿದೆ ಅಂತ ಅದಕ್ಕೆ ಗೊತ್ತು.

ಮರ್ಜ್ ಹೊಸ ಸಬ್‌ಮಾಡ್ಯೂಲ್ (ಪ್ರಾಜೆಕ್ಟಿನೊಳಗೆ ಕೂತ ಇನ್ನೊಂದು ಗಿಟ್ ಪ್ರಾಜೆಕ್ಟ್) ತಂದಿದ್ದರೆ ಅದರ ಫೋಲ್ಡರ್ ತೆಗೆಯಲು ಆಗಲಿಲ್ಲ ಅಂತ ಗಿಟ್ ಎಚ್ಚರಿಸಿ ಹಾಗೇ ಬಿಡುತ್ತದೆ. ಒಳಗೆ ಇನ್ನೊಂದು ರೆಪೊಸಿಟರಿ ಇರುವುದರಿಂದ ಒಂದು -ಎಫ್‌ಗೆ ಕ್ಲೀನ್ ಜಗ್ಗುವುದಿಲ್ಲ, ಎರಡು ಎಫ್ ಬೇಕು. ಒಳಗೆ ಪುಶ್ ಆಗದ ಕಮಿಟ್ ಇಲ್ಲ ಅಂತ ನೋಡಿಕೊಂಡೇ ಹಾಕಿ. ಮೊದಲಿನಿಂದ ಇದ್ದ ಸಬ್‌ಮಾಡ್ಯೂಲ್‌ಗಳನ್ನು ‘ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ಇನಿಟ್ --ರಿಕರ್ಸಿವ್’ ಸರಿಯಾದ ಕಮಿಟ್‌ಗೆ ತರುತ್ತದೆ.

ಪುಶ್ ಆಗಿಬಿಟ್ಟಿದ್ದರೆ

ರೀಸೆಟ್ ಬೇಡ, ಬೇರೆಯವರ ಪ್ರತಿಗಳು ಕೆಡುತ್ತವೆ.

ಗಿಟ್ ರಿವರ್ಟ್ -ಎಮ್ 1 <ಮರ್ಜ್ ಕಮಿಟ್>

1 ಅಂದರೆ ಮರ್ಜ್ ಮಾಡುವಾಗ ನೀವು ನಿಂತಿದ್ದ ಬ್ರಾಂಚನ್ನು ಉಳಿಸು ಅಂತ. ಮರ್ಜ್ ತಂದ ಫೈಲ್‌ಗಳನ್ನು ತೆಗೆಯುವ ಹೊಸ ಕಮಿಟ್ ಹುಟ್ಟುತ್ತದೆ. ಉಳಿದವರು ಪುಲ್ ಮಾಡಿದಾಗ ಅವರಲ್ಲೂ ಅವು ಹೋಗುತ್ತವೆ, ಅವರ ಬಿಲ್ಡ್ ಕಸ ಮಾತ್ರ ಉಳಿಯುತ್ತದೆ. ಸ್ಕ್ವಾಶ್ ಮರ್ಜ್ ಆಗಿದ್ದರೆ -ಎಮ್ ಬೇಡ, ಅದು ಸಾಮಾನ್ಯ ಕಮಿಟ್. ಮರ್ಜ್ ಕಮಿಟನ್ನು ಹೀಗೆ -ಎಮ್ ಹಾಕಿ ರಿವರ್ಟ್ ಮಾಡಿದ್ದರೆ, ಮುಂದೆ ಅದೇ ಬ್ರಾಂಚನ್ನು ಮತ್ತೆ ಮರ್ಜ್ ಮಾಡಿದಾಗ ಹಳೆಯ ಫೈಲ್‌ಗಳು ಬರುವುದಿಲ್ಲ, ಯಾಕೆಂದರೆ ಇತಿಹಾಸದ ಪ್ರಕಾರ ಅವು ಆಗಲೇ ಮರ್ಜ್ ಆಗಿವೆ. ಮೊದಲು ಆ ರಿವರ್ಟ್ ಕಮಿಟನ್ನೇ ರಿವರ್ಟ್ ಮಾಡಬೇಕು.

ಗಿಟ್ ಬದಲು ಮರ್ಕ್ಯುರಿಯಲ್ ಬಳಸುವವರಿಗೆ: ‘ಎಚ್‌ಜಿ ಅಪ್‌ಡೇಟ್ --ಕ್ಲೀನ್ .’ ಅರ್ಧ ಮರ್ಜನ್ನು ಬಿಡಿಸುತ್ತದೆ, ಆದರೆ ಒರಿಜ್ ಫೈಲ್‌ಗಳು ಉಳಿಯುತ್ತವೆ. ‘ಎಚ್‌ಜಿ ಪರ್ಜ್ --ಪ್ರಿಂಟ್’ ಮೊದಲು ಪಟ್ಟಿ ತೋರಿಸುತ್ತದೆ. ಸಬ್‌ವರ್ಶನ್‌ನಲ್ಲಿ ‘ಎಸ್‌ವಿಎನ್ ರಿವರ್ಟ್ -ಆರ್ .’ (ಆರ್ ದೊಡ್ಡಕ್ಷರ) ಆದ ಮೇಲೆ ಉಳಿದ ಅನ್‌ವರ್ಶನ್ಡ್ ಫೈಲ್‌ಗಳಿಗೆ 1.9ರಿಂದ ‘ಎಸ್‌ವಿಎನ್ ಕ್ಲೀನಪ್ --ರಿಮೂವ್-ಅನ್‌ವರ್ಶನ್ಡ್’ ಇದೆ. ಅದೂ ಗಿಟ್ ಕ್ಲೀನ್‌ನಷ್ಟೇ ಕಣ್ಣಿಲ್ಲದ್ದು, ಎಸ್‌ವಿಎನ್ ಸ್ಟೇಟಸ್ ನೋಡದೆ ಬಳಸಬೇಡಿ.

ಬೇಕಾದದ್ದೇ ಹೋಗಿಬಿಟ್ಟರೆ

ಕಮಿಟ್ ಆಗಿದ್ದರೆ ರೆಫ್‌ಲಾಗ್‌ನಲ್ಲಿ ಸಿಗುತ್ತದೆ. ಯಾವ ಬ್ರಾಂಚಿಗೂ ಸೇರದೆ ಉಳಿದ ಕಮಿಟ್‌ನ ದಾಖಲೆಯನ್ನು ಗಿಟ್ ಸಾಮಾನ್ಯವಾಗಿ 30 ದಿನ ಇಟ್ಟುಕೊಂಡಿರುತ್ತದೆ. ಕಮಿಟ್ ಆಗಿಲ್ಲ, ಆದರೆ ಒಮ್ಮೆ ಆಡ್ ಮಾಡಿದ್ದಿರಿ ಅಂದರೆ ‘ಗಿಟ್ ಎಫ್‌ಎಸ್‌ಸಿಕೆ --ಲಾಸ್ಟ್-ಫೌಂಡ್’ ಓಡಿಸಿ. ‘.ಗಿಟ್/ಲಾಸ್ಟ್-ಫೌಂಡ್/ಅದರ್’ ಫೋಲ್ಡರಿನಲ್ಲಿ ಒಳಗಿನ ಬರಹ ಸಿಗುತ್ತದೆ. ಫೈಲ್ ಹೆಸರು ಇರುವುದಿಲ್ಲ, ಉದ್ದನೆಯ ಐಡಿ ಮಾತ್ರ. ಫೈಲ್‌ನಲ್ಲಿ ಇದ್ದದ್ದು ಗೊತ್ತಿರುವ ಒಂದು ಪದವನ್ನು ಗ್ರೆಪ್ ಮಾಡಿ ಹುಡುಕಿ. ಎಂದೂ ಆಡ್ ಮಾಡದ ಫೈಲನ್ನು ಕ್ಲೀನ್ ತೆಗೆದಿದ್ದರೆ ಗಿಟ್‌ನಿಂದ ಏನೂ ಆಗುವುದಿಲ್ಲ. ಆಗ ಎಡಿಟರ್ ನೋಡಿ. ವಿಎಸ್ ಕೋಡ್‌ನ ಟೈಮ್‌ಲೈನ್, ಇಂಟೆಲಿಜೆಯ ಲೋಕಲ್ ಹಿಸ್ಟರಿ ಎರಡೂ ಗಿಟ್‌ನ ಹಂಗಿಲ್ಲದೆ ಸೇವ್ ಮಾಡಿದ ಹಳೆಯ ಪ್ರತಿಗಳನ್ನು ಇಟ್ಟಿರುತ್ತವೆ. ಟೈಮ್‌ಲೈನ್ ಕಾಣಲು ಫೈಲ್ ತೆರೆದಿರಬೇಕು. ಅದೇ ಜಾಗದಲ್ಲಿ ಅದೇ ಹೆಸರಿನ ಖಾಲಿ ಫೈಲ್ ಮಾಡಿ ತೆರೆದರೆ ಹಳೆಯ ಪ್ರತಿಗಳು ಕಾಣಿಸಿಕೊಳ್ಳಬಹುದು.